ತಂತ್ರಾಂಶ ಮರುಬಳಕೆ

ತಂತ್ರಾಂಶ ಮರುಬಳಕೆ ಎಂದರೆ ಒಮ್ಮೆ ಬರೆದು ಪರೀಕ್ಷಿಸಿದ ಪ್ರೋಗ್ರಾಂ ಭಾಗಗಳನ್ನು, ಸಾಧನಗಳನ್ನು ಅಥವಾ ಮಾದರಿ ಚೌಕಟ್ಟುಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಮತ್ತೆ ಮತ್ತೆ ಉಪಯೋಗಿಸುವ ಪದ್ಧತಿ. ಒಂದೇ ಕೆಲಸಕ್ಕೆ ಪ್ರತಿ ಸಲವೂ ಹೊಸದಾಗಿ ಪ್ರೋಗ್ರಾಂ ಬರೆಯುವ ಶ್ರಮ ಇದರಿಂದ ತಪ್ಪುತ್ತದೆ. ದೋಷ ಕಂಡುಬಂದಾಗ ಅದನ್ನು ಒಂದೆಡೆ ತಿದ್ದಿದರೆ ಬಳಕೆಯಾದ ಎಲ್ಲ ಕಡೆಗಳಿಗೂ ಆ ತಿದ್ದುಪಡಿಯನ್ನು ತಲುಪಿಸಬಹುದು. ಕನ್ನಡದ ಕೀಲಿಮಣೆ ವಿನ್ಯಾಸಗಳು, ಅಕ್ಷರ ಜೋಡಣೆಯ ಸಾಧನಗಳು ಹಾಗೂ ಕನ್ನಡ ವಿಕಿಪೀಡಿಯದ ಟೆಂಪ್ಲೇಟುಗಳು ಇದಕ್ಕೆ ಉದಾಹರಣೆಗಳಾಗಿವೆ.

ಇತಿಹಾಸ

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಗಣಕವು 1949ರಲ್ಲಿ ಕಾರ್ಯಾರಂಭ ಮಾಡಿತು. ಪದೇ ಪದೇ ಬೇಕಾಗುವ ಲೆಕ್ಕಗಳಿಗಾಗಿ ಅಲ್ಲಿ ಸಬ್‌ರುಟೀನುಗಳ ಭಂಡಾರವೊಂದನ್ನು ರೂಪಿಸಲಾಯಿತು. ಈ ವಿಧಾನವನ್ನು ವಿವರಿಸುವ ಗ್ರಂಥವನ್ನು ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ 1951ರಲ್ಲಿ ಪ್ರಕಟಿಸಿದರು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನದಲ್ಲಿ ಡಗ್ಲಸ್ ಮೆಕಿಲ್ರಾಯ್ ಅವರು, ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗಗಳು ತಯಾರಾಗುವಂತೆ ತಂತ್ರಾಂಶದ ಬಿಡಿಭಾಗಗಳೂ ತಯಾರಾಗಬೇಕೆಂಬ ವಿಚಾರವನ್ನು ಮಂಡಿಸಿದರು.

ವಿಧಗಳು

• ಲೈಬ್ರರಿ: ನಿರ್ದಿಷ್ಟ ಕೆಲಸಗಳನ್ನು ಮಾಡುವ ಸಿದ್ಧ ಭಾಗಗಳ ಸಂಗ್ರಹ. ಪ್ರೋಗ್ರಾಂ ಬರೆಯುವವನು ಬೇಕಾದುದನ್ನು ಕರೆದು ಬಳಸುತ್ತಾನೆ.
• ಫ್ರೇಮ್‌ವರ್ಕ್: ತಂತ್ರಾಂಶದ ಒಟ್ಟು ಚೌಕಟ್ಟನ್ನೇ ಒದಗಿಸುವ ವ್ಯವಸ್ಥೆ. ಇಲ್ಲಿ ಬರೆದವನ ಭಾಗವನ್ನು ಚೌಕಟ್ಟೇ ಕರೆಯುತ್ತದೆ.
• ಟೆಂಪ್ಲೇಟು: ಬದಲಾಗದ ಭಾಗವನ್ನು ಸಿದ್ಧವಾಗಿಟ್ಟು, ಬದಲಾಗುವ ಭಾಗಕ್ಕೆ ಖಾಲಿ ಸ್ಥಾನ ಬಿಟ್ಟಿರುವ ಮಾದರಿ.

ಕನ್ನಡದಲ್ಲಿ ಮರುಬಳಕೆ

ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರ ಸಂಕೇತಗಳನ್ನೇ ಅವಲಂಬಿಸಿದ್ದವು. ಒಂದರಲ್ಲಿ ಬೆರಳಚ್ಚು ಮಾಡಿದ ಬರಹ, ಅದರ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಸಂಕೇತ ಒಂದೇ ಆದ ಮೇಲೆ ಸಾಧನಗಳನ್ನು ಹಂಚಿಕೊಳ್ಳುವುದು ಸಾಧ್ಯವಾಯಿತು. ಒತ್ತಕ್ಷರ ಹಾಗೂ ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿಯನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮತ್ತು ಲಿಬ್ರೆಆಫೀಸ್‌ಗಳು ಸಮಾನವಾಗಿ ಬಳಸುತ್ತವೆ.

ಕೀಲಿಮಣೆಯ ವಿಷಯವೂ ಹೀಗೆಯೇ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅಲ್ಪ ಬದಲಾವಣೆಗಳೊಂದಿಗೆ ಬಳಕೆಗೆ ಬಂದಿತು. ಅದೇ ವಿನ್ಯಾಸವು ವಿಕಿಪೀಡಿಯದ ಬೆರಳಚ್ಚು ಸಾಧನದಲ್ಲಿಯೂ ಲಭ್ಯವಿದೆ. ಹೀಗಾಗಿ ಒಮ್ಮೆ ಕಲಿತ ಬೆರಳಚ್ಚು ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ.

ವಿಕಿಪೀಡಿಯದ ಟೆಂಪ್ಲೇಟುಗಳು

ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಇದಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶದಲ್ಲಿ ಟೆಂಪ್ಲೇಟು ಒಂದು ಪ್ರತ್ಯೇಕ ಪುಟ. ಲೇಖನದಲ್ಲಿ ಅದರ ಹೆಸರನ್ನು ಜೋಡಿ ಆವರಣಗಳ ನಡುವೆ ಬರೆದರೆ ಆ ಪುಟದಲ್ಲಿರುವುದು ಲೇಖನದಲ್ಲಿ ಮೂಡುತ್ತದೆ.

ಹಾಸನ ಜಿಲ್ಲೆಯ ಹೊಯ್ಸಳ ದೇವಾಲಯಗಳಿಗೆ ಒಂದು ಮಾಹಿತಿ ಚೌಕವನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ:

{{ದೇವಾಲಯ | ಹೆಸರು = ಚೆನ್ನಕೇಶವ ದೇವಾಲಯ | ಸ್ಥಳ = ಬೇಲೂರು | ಕಾಲ = 1117 | ವಿಶ್ವ ಪರಂಪರೆ = 2023 }}

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೂ ಇದೇ ಟೆಂಪ್ಲೇಟು ಹೊಂದುತ್ತದೆ. ಹೆಸರು, ಸ್ಥಳ, ಕಾಲಗಳನ್ನು ಬದಲಿಸಿದರೆ ಸಾಕು. 1220ರಲ್ಲಿ ಕಟ್ಟಲಾದ ಅರಸೀಕೆರೆಯ ಈಶ್ವರ ದೇವಾಲಯವು ಯುನೆಸ್ಕೋ ಪಟ್ಟಿಯಲ್ಲಿ ಸೇರಿಲ್ಲ. 2023ರಲ್ಲಿ ಆ ಪಟ್ಟಿಗೆ ಸೇರಿದವು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು. ಆದ್ದರಿಂದ ಅರಸೀಕೆರೆಯ ಲೇಖನದಲ್ಲಿ ಕೊನೆಯ ಸ್ಥಾನವನ್ನು ಖಾಲಿ ಬಿಡಬೇಕು. ಖಾಲಿ ಇದ್ದಾಗ ಆ ಸಾಲೇ ಕಾಣದಂತೆ ಟೆಂಪ್ಲೇಟನ್ನು ಬರೆದಿರುವುದು ಉತ್ತಮ ವಿನ್ಯಾಸದ ಲಕ್ಷಣ. ಚೌಕದ ಬಣ್ಣವನ್ನೋ ಸಾಲುಗಳ ಕ್ರಮವನ್ನೋ ಬದಲಿಸಬೇಕಾದಾಗ ಟೆಂಪ್ಲೇಟು ಪುಟವೊಂದನ್ನೇ ತಿದ್ದಿದರೆ ಮೂರೂ ಲೇಖನಗಳು ಬದಲಾಗುತ್ತವೆ.

ಸಂಕೀರ್ಣ ಟೆಂಪ್ಲೇಟುಗಳನ್ನು 2013ರಿಂದ ಲುವಾ ಭಾಷೆಯ ಮಾಡ್ಯೂಲ್‌ಗಳ ನೆರವಿನಿಂದ ಬರೆಯಲಾಗುತ್ತಿದೆ. 2012ರಲ್ಲಿ ಆರಂಭವಾದ ವಿಕಿಡೇಟಾದಿಂದ ನಿರ್ದೇಶಾಂಕ, ಚಿತ್ರ ಮೊದಲಾದ ವಿವರಗಳನ್ನು ನೇರವಾಗಿ ಪಡೆಯುವ ಟೆಂಪ್ಲೇಟುಗಳೂ ಇವೆ.

ಮಿತಿಗಳು ಮತ್ತು ಅಪಾಯಗಳು

ಒಂದೆಡೆ ಮಾಡಿದ ತಿದ್ದುಪಡಿ ಎಲ್ಲೆಡೆ ಹರಡುವಂತೆ ಒಂದೆಡೆ ಆದ ತಪ್ಪೂ ಎಲ್ಲೆಡೆ ಹರಡುತ್ತದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲುಗಳ ಭಾಗವನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ಹಿಂತೆಗೆದಾಗ, ಅದನ್ನು ಅವಲಂಬಿಸಿದ್ದ ಅಸಂಖ್ಯ ಯೋಜನೆಗಳ ನಿರ್ಮಾಣ ಕಾರ್ಯ ವಿಫಲವಾಯಿತು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಲೈಬ್ರರಿಯ ಭದ್ರತಾ ದೋಷ ಬಹಿರಂಗವಾದಾಗ ಜಗತ್ತಿನಾದ್ಯಂತ ಅದನ್ನು ಬಳಸಿದ್ದ ಸಂಸ್ಥೆಗಳು ತುರ್ತು ದುರಸ್ತಿಗೆ ಇಳಿಯಬೇಕಾಯಿತು. ಈ ಕಾರಣದಿಂದ ವ್ಯಾಪಕವಾಗಿ ಬಳಕೆಯಾಗುವ ವಿಕಿ ಟೆಂಪ್ಲೇಟುಗಳ ಸಂಪಾದನೆಗೆ ನಿರ್ಬಂಧ ವಿಧಿಸುವ, ಬದಲಾವಣೆಗಳನ್ನು ಪ್ರಯೋಗಪುಟದಲ್ಲಿ ಮೊದಲು ಪರೀಕ್ಷಿಸುವ ಪದ್ಧತಿ ಬೆಳೆದುಬಂದಿದೆ.

ಚಿಕ್ಕ ಸಮುದಾಯಗಳಿಗೆ ಇನ್ನೊಂದು ತೊಡಕಿದೆ. ಪ್ರತಿ ಭಾಷೆಯ ವಿಕಿಪೀಡಿಯವೂ ತನ್ನ ಟೆಂಪ್ಲೇಟುಗಳನ್ನು ತಾನೇ ಇಟ್ಟುಕೊಂಡಿರುತ್ತದೆ. ಇಂಗ್ಲಿಷ್‌ನಿಂದ ಒಂದನ್ನು ತರುವಾಗ ಅದು ಅವಲಂಬಿಸಿರುವ ಉಪಟೆಂಪ್ಲೇಟುಗಳನ್ನೂ ಮಾಡ್ಯೂಲ್‌ಗಳನ್ನೂ ತರಬೇಕು. ಇಲ್ಲದಿದ್ದರೆ ಲೇಖನದಲ್ಲಿ ಕೆಂಪು ಕೊಂಡಿಗಳೋ ದೋಷ ಸೂಚನೆಗಳೋ ಕಾಣಿಸುತ್ತವೆ. ಮೂಲದಲ್ಲಿ ಮುಂದೆ ಆಗುವ ಸುಧಾರಣೆಗಳು ನಕಲಿಗೆ ತಾವಾಗಿ ಬರುವುದಿಲ್ಲ. ಆದುದರಿಂದ ನಕಲು ಮಾಡುವುದು ನಿಜವಾದ ಮರುಬಳಕೆಯಲ್ಲ. ನಕಲನ್ನು ನೋಡಿಕೊಳ್ಳುವವರೂ ಬೇಕಾಗುತ್ತಾರೆ.

ಅಲ್ಲದೆ, ಟೆಂಪ್ಲೇಟು ಸಾಮಾನ್ಯ ಅಂಶಗಳನ್ನಷ್ಟೇ ಹಿಡಿದಿಡಬಲ್ಲದು. ಹಳೇಬೀಡಿನ ಜೋಡಿ ಗರ್ಭಗುಡಿಗಳು, ಅರಸೀಕೆರೆಯ ನಕ್ಷತ್ರಾಕಾರದ ತೆರೆದ ಮಂಟಪ ಮುಂತಾದ ವೈಶಿಷ್ಟ್ಯಗಳು ಮಾಹಿತಿ ಚೌಕದಲ್ಲಿ ಹಿಡಿಸುವಂಥವಲ್ಲ. ಅವುಗಳನ್ನು ಲೇಖನದ ಒಡಲಿನಲ್ಲಿ ಪ್ರತ್ಯೇಕವಾಗಿ ವಿವರಿಸಬೇಕಾಗುತ್ತದೆ.