ಅಂಚೆಚೀಟಿಗಳಲ್ಲಿ ಪುರಾಣ ಮತ್ತು ಐತಿಹ್ಯ: ಯೂರೋಪು, ಮಳಖೇಡ ಸೀಮೆ

ದೇವತೆಗಳು, ಪುರಾಣಪುರುಷರು, ದಂತಕಥೆಯ ವೀರರ ಚಿತ್ರವಿರುವ ಅಂಚೆಚೀಟಿಗಳನ್ನು ಸಂಗ್ರಾಹಕರು ಬೇರೆಯೇ ವಿಷಯವಾಗಿ ಕೂಡಿಡುತ್ತಾರೆ. ಈ ಬಗೆಯ ಚೀಟಿಗಳು ಹುಟ್ಟಿದ್ದು ಯೂರೋಪಿನಲ್ಲಿ, 1849ರಲ್ಲಿ. ಕಲಬುರಗಿ ಜಿಲ್ಲೆಯ ಮಳಖೇಡ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಟಪಾಲು ಕಚೇರಿಗಳಿಗೆ ದೇವರ ಚಿತ್ರ ಬಂದದ್ದು ಅದಾಗಿ ಸುಮಾರು ನೂರು ವರ್ಷಕ್ಕೆ, 1950ರ ಹೊತ್ತಿಗೆ.

1840ರಲ್ಲಿ ಬ್ರಿಟನ್ ಹೊರತಂದ ಜಗತ್ತಿನ ಮೊದಲ ಅಂಚೆಚೀಟಿಯಲ್ಲಿ ಇದ್ದದ್ದು ರಾಣಿ ವಿಕ್ಟೋರಿಯಾಳ ಮುಖ. ಫ್ರಾನ್ಸಿಗೆ ಆ ಅನುಕೂಲ ಇರಲಿಲ್ಲ. 1848ರಲ್ಲಿ ಅಲ್ಲಿಯವರು ರಾಜನನ್ನು ಓಡಿಸಿ ಗಣರಾಜ್ಯ ಕಟ್ಟಿಕೊಂಡಿದ್ದರು, ಚೀಟಿಗೆ ಯಾರ ಮುಖ ಹಾಕುವುದು? ರೋಮನ್ನರ ಬೆಳೆದೇವತೆ ಸೀರಿಸ್ ಒದಗಿಬಂದಳು. 1849ರ ಜನವರಿ 1ರಂದು ಹೊರಬಂದ ಆ ಚೀಟಿಯನ್ನು ಕೊರೆದವನು ಝಾಕ್-ಝಾನ್ ಬಾರ್. ಗ್ರೀಸ್ 1861ರಲ್ಲಿ ತನ್ನ ಮೊದಲ ಚೀಟಿ ತಂದಾಗ ಅಲ್ಲಿ ರಾಜನಿದ್ದ. ಆದರೂ ಚೀಟಿಗೆ ಆರಿಸಿದ್ದು ದೇವತೆಗಳ ದೂತ ಹರ್ಮೀಸನನ್ನು. ರೆಕ್ಕೆಯ ಶಿರಸ್ತ್ರಾಣ ತೊಟ್ಟ ಅವನ ಪಕ್ಕಮುಖವನ್ನು ಕೊರೆದವನು ಅದೇ ಬಾರ್‌ನ ಮಗ ಆಲ್ಬರ್ಟ್. ಮೊದಲು ಪ್ಯಾರಿಸ್‌ನಲ್ಲಿ, ಆಮೇಲೆ ಅಥೆನ್ಸ್‌ನಲ್ಲಿ ಅಚ್ಚಾದ ಈ ಚೀಟಿಗಳನ್ನು ಬೇರ್ಪಡಿಸುವುದು ಇಂದಿಗೂ ಸಂಗ್ರಾಹಕರಿಗೆ ಕಣ್ಣು ನೋಯಿಸುವ ಕೆಲಸ. ಇದಕ್ಕೂ ಹತ್ತು ವರ್ಷ ಮೊದಲೇ, 1851ರಲ್ಲಿ, ಆಸ್ಟ್ರಿಯಾ ಪತ್ರಿಕೆಗಳ ರವಾನೆಗೆಂದು ಮರ್ಕ್ಯುರಿಯ ಚೀಟಿ ತಂದಿತ್ತು. ಮರ್ಕ್ಯುರಿ ಎಂದರೆ ರೋಮನ್ನರ ಹರ್ಮೀಸ್. ಅದರ ಮೇಲೆ ಬೆಲೆಯೇ ಇರಲಿಲ್ಲ. ಬಣ್ಣ ನೋಡಿ ಬೆಲೆ ತಿಳಿಯಬೇಕಿತ್ತು.

1896ರ ಒಲಿಂಪಿಕ್ ಕೂಟಕ್ಕೆ ಗ್ರೀಸ್ ತಂದ ಹನ್ನೆರಡು ಚೀಟಿಗಳಲ್ಲಿ ಅಥೀನಾ, ನೈಕೆ, ಹರ್ಮೀಸ್ ಇದ್ದಾರೆ. ಮಾರಾಟದ ಹಣ ಕೂಟದ ಖರ್ಚಿಗೂ ಒದಗಿತು. ಆಗಷ್ಟೇ ಸ್ವಾಯತ್ತವಾಗಿದ್ದ ಕ್ರೀಟ್ ದ್ವೀಪ 1900ರಲ್ಲಿ, ಕಲ್ಲೆಸೆದು ತನ್ನ ಕರಾವಳಿ ಕಾಯುತ್ತಿದ್ದನೆಂಬ ಕಂಚಿನ ದೈತ್ಯ ತಾಲೋಸನನ್ನು ಚೀಟಿಗೆ ತಂದಿತು. ಹೊಸದಾಗಿ ತಲೆಯೆತ್ತಿದ ಆಳ್ವಿಕೆಗೆ ಹಳೆಯ ಕಥೆ ಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1917ರಲ್ಲಿ ಸ್ವತಂತ್ರವಾದ ಫಿನ್ಲೆಂಡ್ 1935ರಲ್ಲಿ ಕಲೇವಲ ಮಹಾಕಾವ್ಯಕ್ಕೆ ನೂರು ತುಂಬಿದಾಗ ಮೂರು ಚೀಟಿ ತಂದದ್ದೂ ಇದೇ ಜಾತಿಯದು. ಮುಸೊಲಿನಿಯ ಇಟಲಿ 1930ರಲ್ಲಿ ವರ್ಜಿಲ್ ಕವಿಯ ಈನಿಯಸನನ್ನು, ಜರ್ಮನಿ 1933ರಲ್ಲಿ ವಾಗ್ನರ್ ನಾಟಕಗಳ ಸೀಗ್‌ಫ್ರೀಡನನ್ನು ಚೀಟಿಗೇರಿಸಿದವು. ಬ್ರಿಟನ್‌ನ 1985ರ ಆರ್ಥರ್ ರಾಜನ ನಾಲ್ಕು ಚೀಟಿಗಳಲ್ಲಿ ಅಂಥ ಬಿಗುವಿಲ್ಲ, ಅವು ಕಥೆಯ ಖುಷಿಗೆ ಮಾಡಿದವು. 1956ರಲ್ಲಿ ಆರು ದೇಶಗಳು ಕೂಡಿ ಆರಂಭಿಸಿದ ‘ಯುರೋಪಾ’ ಚೀಟಿಗಳಿಗೆ 1981ರಲ್ಲಿ ಜಾನಪದ, 1997ರಲ್ಲಿ ಕಥೆ-ಐತಿಹ್ಯ, 2022ರಲ್ಲಿ ಕಥೆ-ಪುರಾಣ ವಿಷಯವಾಗಿದ್ದವು.

ಯೂರೋಪಿನಲ್ಲಿ ಇಂಥ ಚೀಟಿಗಳು ಹುಟ್ಟಿದ ಕಾಲಕ್ಕೆ ಸೇಡಂ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಟಪಾಲು ವ್ಯವಸ್ಥೆ ಇತ್ತು, 1869ರಿಂದ ತನ್ನದೇ ಚೀಟಿಗಳಿದ್ದವು. ಅವುಗಳಲ್ಲಿ ದೇವರಿಲ್ಲ, ನಿಜಾಮನ ಮುಖವೂ ಇಲ್ಲ. ಬಹುಕಾಲ ಅಕ್ಷರ, ಬಳ್ಳಿಯಂಥ ಅಲಂಕಾರವೇ ಚಿತ್ರ. 1931ರ ಮಾಲೆಯಲ್ಲಿ ಕಟ್ಟಡಗಳು ಬಂದವು: ಒಂದು ಆಣೆಗೆ ಚಾರ್‌ಮಿನಾರ್, ನಾಲ್ಕಾಣೆಗೆ ಉಸ್ಮಾನ್ ಸಾಗರ, ಹನ್ನೆರಡಾಣೆಗೆ ಬೀದರಿನ ಮಹಮೂದ್ ಗವಾನ್ ಮದರಸಾ. ಎಂಟಾಣೆಯ ಚೀಟಿಯಲ್ಲಿ ಅಜಂತಾ ಗುಹೆಗಳ ಬಾಗಿಲಿದೆ. ಒಳಗಿನ ಗೋಡೆಗಳ ತುಂಬ ಬುದ್ಧನ ಪೂರ್ವಜನ್ಮದ ಕಥೆಗಳಿದ್ದರೂ ಚೀಟಿ ಹೊಸ್ತಿಲು ದಾಟಿಲ್ಲ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1950ರಲ್ಲಿ ನಿಜಾಮರ ಚೀಟಿಗಳ ಚಲಾವಣೆ ನಿಂತಿತು. ಅವುಗಳ ಜಾಗಕ್ಕೆ ಬಂದದ್ದು 1949ರ ಆಗಸ್ಟ್ 15ರಂದು ಭಾರತ ಸರಕಾರ ತಂದ ಪುರಾತತ್ವ ಮಾಲೆ. ಮೂರು ಪೈಗೆ ಅಜಂತಾದ ಒಳಗಿನ ಆನೆ, ಒಂಬತ್ತು ಪೈಗೆ ತ್ರಿಮೂರ್ತಿ, ಎರಡಾಣೆಗೆ ನಟರಾಜ, ಆರಾಣೆಗೆ ವಿಜಾಪುರದ ಗೋಲಗುಮ್ಮಟ. ಒಂದಾಣೆಯ ಬೋಧಿಸತ್ವನ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಚ್ಚಾಗಿ, ಎಡಗೈ ಬಲಗೈ ಅದಲುಬದಲಾಗಿತ್ತು. 1950ರಲ್ಲಿ ಸರಿಪಡಿಸಿ ಮತ್ತೆ ಅಚ್ಚು ಹಾಕಿದರು. ಯೂರೋಪಿನವರು ಹಲವು ಬಾರಿ ದೇವರನ್ನು ಚೀಟಿಗಾಗಿಯೇ ಬರೆಸಿದರೆ, ಈ ಮಾಲೆ ಹೆಚ್ಚಾಗಿ ಶಿಲ್ಪ, ಸ್ಮಾರಕಗಳನ್ನೇ ತೋರಿಸುತ್ತದೆ. ದೇವರಿಗಿಂತ ಕಲೆ ಮುಂದೆ ನಿಲ್ಲುವ ಈ ಜಾಣ ನಡೆ ಹಲವು ಮತಗಳ ದೇಶಕ್ಕೆ ಹೊಂದುವಂತಿತ್ತು.

ಸೇಡಂ ತಾಲ್ಲೂಕಿನೊಂದಿಗೆ ನೇರ ಸಂಬಂಧ ಹೇಳಬಹುದಾದ ಪುರಾಣದ ಚೀಟಿ 1981ರ ಫೆಬ್ರುವರಿ 9ರ ಗೊಮ್ಮಟೇಶ್ವರ. ಶ್ರವಣಬೆಳಗೊಳದ ವಿಗ್ರಹಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ ಒಂದು ರೂಪಾಯಿ ಬೆಲೆಯಲ್ಲಿ ಬಂದದ್ದು. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದೂ ರಾಜ್ಯ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಕಥೆಯನ್ನು ವಿಸ್ತಾರವಾಗಿ ಬರೆದ ಜಿನಸೇನಾಚಾರ್ಯ ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು. ಅಮೋಘವರ್ಷನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಜಿನಸೇನ ಮುಗಿಸದೆ ಬಿಟ್ಟ ಆ ಕೃತಿಯನ್ನು ಶಿಷ್ಯ ಗುಣಭದ್ರ ಪೂರ್ತಿಗೊಳಿಸಿದ. ಹತ್ತನೆಯ ಶತಮಾನದಲ್ಲಿ ಪಂಪ ಅದನ್ನು ಕನ್ನಡದ ಆದಿಪುರಾಣಕ್ಕೆ ಆಧಾರ ಮಾಡಿಕೊಂಡ.

ಕಥೆಯನ್ನೇ ಬಿಡಿಸಿ ಹೇಳುವ ಚೀಟಿಗಳಿಗೆ ಭಾರತದಲ್ಲಿ 2001ರ ಪಂಚತಂತ್ರ ಮಾಲೆ, 2017ರ ಸೆಪ್ಟೆಂಬರ್‌ನಲ್ಲಿ ವಾರಾಣಸಿಯಲ್ಲಿ ಬಿಡುಗಡೆಯಾದ ಹನ್ನೊಂದು ಚೀಟಿಗಳ ರಾಮಾಯಣ ಹಾಳೆ ಉದಾಹರಣೆ. ಪಂಚತಂತ್ರ ಮಾಲೆಯಲ್ಲಿರುವ ಕೋತಿ-ಮೊಸಳೆಯ ಕಥೆ ಬೌದ್ಧ ಜಾತಕಗಳಲ್ಲೂ ಇದೆ. ಜಾತಕ ಕಥೆಗಳನ್ನು ಕಲ್ಲಿನಲ್ಲಿ ನೋಡಬೇಕಾದವರು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಬಹುದು. 1990ರ ದಶಕದಲ್ಲಿ ಅಗೆದು ತೆಗೆದ ಅಲ್ಲಿನ ಸ್ತೂಪದ ಫಲಕಗಳ ಮೇಲೆ ಚಿತ್ರದ ಜೊತೆಗೆ ಹೆಸರನ್ನೂ ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದ್ದಾರೆ.