ಶ್ರವಣ ಕೋಣೆಗೆ ಧ್ವನಿವರ್ಧಕದ ಆಯ್ಕೆ: ಬೇ ಏರಿಯಾದ ಮನೆಗಳಲ್ಲಿ ನಮ್ಮ ಸಂಗೀತ

ಧ್ವನಿವರ್ಧಕವು ವಿದ್ಯುತ್ ಸಂಕೇತವನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವ ಯಂತ್ರ. ಮನೆಯಲ್ಲಿ ಸಂಗೀತ ಆಲಿಸುವ ವ್ಯವಸ್ಥೆಯ ಎಲ್ಲ ಅಂಗಗಳಲ್ಲಿ ಮೂಲಧ್ವನಿಗೆ ತನ್ನ ಬಣ್ಣವನ್ನು ಅತಿ ಹೆಚ್ಚು ಬೆರೆಸುವುದೂ ಅದೇ. ಸಮರ್ಥವಾಗಿ ತಯಾರಾದ ಎರಡು ಆಂಪ್ಲಿಫೈಯರ್‌ಗಳ ನಡುವಿನ ಭೇದ ಕಿವಿಗೆ ಸಿಗುವುದು ಕಷ್ಟ. ಎರಡು ಧ್ವನಿವರ್ಧಕಗಳ ನಡುವಿನ ಭೇದ ಎಂಥವರಿಗೂ ತಿಳಿಯುತ್ತದೆ. ಹೀಗಾಗಿ ಸಂಗೀತಪ್ರಿಯರ ಹಣ ಹೆಚ್ಚಾಗಿ ಇಲ್ಲಿಗೇ ಹರಿಯುತ್ತದೆ. ಒಂದು ಜೋಡಿಗೆ ಹೊಸ ಕಾರಿನ ಬೆಲೆ ಹೇಳುವ ತಯಾರಕರಿದ್ದಾರೆ. ಅಷ್ಟನ್ನು ತೆತ್ತ ಮೇಲೂ ತಂಬೂರಿಯ ನಾದ ತೆಳುವಾಗಿಯೂ ಮೃದಂಗದ ಎಡಮುಖ ಗುಂಯ್‌ಗುಡುವಂತೆಯೂ ಕೇಳಿಸುವುದುಂಟು. ಕಾರಣ, ನಾವು ಕೇಳುವುದು ಪೆಟ್ಟಿಗೆಯೂ ಕೋಣೆಯೂ ಕೂಡಿ ಹುಟ್ಟಿಸುವ ಧ್ವನಿಯನ್ನು. ಆದುದರಿಂದ ಆಯ್ಕೆಯು ಕೋಣೆಯಿಂದ ಮತ್ತು ಕೇಳಬೇಕಾದ ಸಂಗೀತದಿಂದ ಆರಂಭವಾಗಬೇಕು, ಬೆಲೆಪಟ್ಟಿ ಆಮೇಲಿನದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡ ಮನೆಗಳನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕೊಲ್ಲಿ ಪ್ರದೇಶದ ಧ್ವನಿಪರಂಪರೆ

ಧ್ವನಿವರ್ಧಕದ ಚರಿತ್ರೆಯಲ್ಲಿ ಈ ಪ್ರದೇಶಕ್ಕೆ ವಿಶೇಷ ಸ್ಥಾನವಿದೆ. ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ನಾಪಾದಲ್ಲಿ ನಡೆಸಿದ ಪ್ರಯೋಗಗಳಿಂದ, ಕಾಂತಕ್ಷೇತ್ರದಲ್ಲಿ ಚಲಿಸುವ ತಂತಿಸುರುಳಿಯ ಧ್ವನಿವರ್ಧಕ ರೂಪುಗೊಂಡಿತು. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರಸಭಾ ಭವನದ ಮುಂದೆ ನೆರೆದ ಭಾರೀ ಜನಸ್ತೋಮ ಅದರ ಧ್ವನಿಯನ್ನು ಕೇಳಿತು. ಲ್ಯಾಟಿನ್ ಭಾಷೆಯಲ್ಲಿ ‘ಮಹಾಧ್ವನಿ’ ಎಂಬ ಅರ್ಥದ ಮ್ಯಾಗ್ನವಾಕ್ಸ್ ಎಂಬ ಹೆಸರು ಅದಕ್ಕೆ ಬಂತು. ಇಂದಿನ ಮನೆಗಳಲ್ಲಿರುವ ಶಂಕುವಿನಾಕಾರದ ಧ್ವನಿವರ್ಧಕಕ್ಕೆ ತಳಹದಿ ಹಾಕಿದ್ದು, ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದ ಪ್ರಬಂಧ.

ಮುಂದೆ, 1944ರಲ್ಲಿ ಅಲೆಕ್ಸಾಂಡರ್ ಪೊನಿಯಾಟಾಫ್ ಸ್ಥಾಪಿಸಿದ ಆಂಪೆಕ್ಸ್ ಕಂಪನಿ ಇಲ್ಲಿಂದಲೇ ಟೇಪ್ ಧ್ವನಿಮುದ್ರಣ ಯಂತ್ರಗಳನ್ನು ಹೊರತಂದಿತು. 1965ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಡಾಲ್ಬಿ ಲ್ಯಾಬೊರೇಟರೀಸ್ 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿತು. ಸಭಾಂಗಣಗಳ ಧ್ವನಿವರ್ಧಕಗಳಿಗೆ ಹೆಸರಾದ, ಬರ್ಕ್ಲಿಯ ಮೇಯರ್ ಸೌಂಡ್ 1979ರಲ್ಲಿ ಹುಟ್ಟಿತು. ದುಬಾರಿ ಗೃಹ ಧ್ವನಿವರ್ಧಕಗಳ ತಯಾರಕರಲ್ಲಿ ಒಂದಾದ, ಅಲ್ಯೂಮಿನಿಯಂನ ಮುಚ್ಚಿದ ಪೆಟ್ಟಿಗೆಗಳಿಗೆ ಪ್ರಸಿದ್ಧವಾದ ಮ್ಯಾಜಿಕೊ ಇರುವುದು ಹೇವರ್ಡ್‌ನಲ್ಲಿ.

ನಮ್ಮ ಸಂಗೀತ ಬಯಸುವುದೇನು?

ಅಂಗಡಿಗಳಲ್ಲಿ ಸಾಮಾನ್ಯವಾಗಿ ನುಡಿಸಿ ತೋರಿಸುವುದು ಜಾಝ್, ಪಾಶ್ಚಾತ್ಯ ವಾದ್ಯಮೇಳ ಅಥವಾ ರಾಕ್ ಸಂಗೀತ. ಅದನ್ನು ಚೆನ್ನಾಗಿ ಹೊಮ್ಮಿಸುವ ಧ್ವನಿವರ್ಧಕ ನಮ್ಮ ಕಛೇರಿಯನ್ನೂ ಅಷ್ಟೇ ಚೆನ್ನಾಗಿ ಹೊಮ್ಮಿಸಬಹುದು. ಆದರೆ ಅದನ್ನು ಪರೀಕ್ಷಿಸದೆ ಒಪ್ಪಬಾರದು. ನಮ್ಮ ಸಂಗೀತದ ನಾದಸ್ವರೂಪದಲ್ಲಿ ಕೆಲವು ವಿಶೇಷಗಳಿವೆ.

ಮೊದಲನೆಯದು ತಂಬೂರಿ. ಒಂದು ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಮೇಲ್ಸ್ವರಗಳೂ ಹುಟ್ಟುತ್ತವೆ. ಸಾಮಾನ್ಯ ತಂತಿವಾದ್ಯದಲ್ಲಿ ಮೀಟಿದ ಜಾಗವನ್ನು ಅವಲಂಬಿಸಿ ಕೆಲವು ಮೇಲ್ಸ್ವರಗಳು ಲೋಪವಾಗುತ್ತವೆ. ತಂಬೂರಿ ಮತ್ತು ವೀಣೆಗಳಲ್ಲಿ ಹಾಗಾಗುವುದಿಲ್ಲವೆಂದೂ, ತಂತಿ ತಾಗಿಕೊಂಡು ಕಂಪಿಸುವ ಅಗಲವಾದ ಕುದುರೆಯೇ ಅದಕ್ಕೆ ಕಾರಣವೆಂದೂ ಸಿ. ವಿ. ರಾಮನ್ 1921ರಲ್ಲಿ ವಿವರಿಸಿದರು. ಅದರ ಹಿಂದಿನ ವರ್ಷ, ‘ನೇಚರ್’ ಪತ್ರಿಕೆಯಲ್ಲಿ ಸಹೋದ್ಯೋಗಿಯೊಬ್ಬರೊಡನೆ ಬರೆದ ಟಿಪ್ಪಣಿಯಲ್ಲಿ, ಮೃದಂಗ ಮತ್ತು ತಬಲಾಗಳ ಚರ್ಮದ ಮೇಲಿನ ಕರಣೆಯು ಅವುಗಳ ಮೇಲ್ಸ್ವರಗಳನ್ನು ಶ್ರುತಿಬದ್ಧವಾಗಿಸುವುದನ್ನು ತೋರಿಸಿದ್ದರು. ಅಂದರೆ ನಮ್ಮ ವಾದ್ಯಗಳ ಜೀವ ಬಹುಮಟ್ಟಿಗೆ ಮೇಲ್ಸ್ವರಗಳ ನಡುವಿನ ಸರಿಯಾದ ಪ್ರಮಾಣದಲ್ಲಿದೆ. ಕೆಲವು ಆವೃತ್ತಿಗಳನ್ನು ಉಬ್ಬಿಸಿ ಕೆಲವನ್ನು ತಗ್ಗಿಸುವ ಧ್ವನಿವರ್ಧಕ ಆ ಪ್ರಮಾಣವನ್ನೇ ಕೆಡಿಸುತ್ತದೆ. ತಂಬೂರಿ ಎಡೆಬಿಡದೆ ಮೊಳಗುವುದರಿಂದ ಈ ದೋಷ ಅಲ್ಲಿ ಬೇಗ ಬಯಲಾಗುತ್ತದೆ.

ಎರಡನೆಯದು ಕಂಠ. ಗಾಯಕರೇ ಕೇಂದ್ರವಾದ ಸಂಗೀತ ನಮ್ಮದು. ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾದ ಗಂಗೂಬಾಯಿ ಹಾನಗಲ್ ಅವರ ಕಂಠ ಒಳ್ಳೆಯ ಪರೀಕ್ಷೆ. ಕೆಳಮಧ್ಯದ ಆವೃತ್ತಿಗಳನ್ನು ಉಬ್ಬಿಸುವ ಪೆಟ್ಟಿಗೆಯಲ್ಲಿ ಅದು ಬಾನಿಯೊಳಗಿನಿಂದ ಬಂದಂತೆ ಕೇಳುತ್ತದೆ. ಅದೇ ಭಾಗ ಸೊರಗಿದರೆ ಅದರ ಗಾಂಭೀರ್ಯವೇ ಹೋಗುತ್ತದೆ.

ಮೂರನೆಯದು ಹಳೆಯ ಧ್ವನಿಮುದ್ರಣ. ಮಲ್ಲಿಕಾರ್ಜುನ ಮನ್ಸೂರರ ಗ್ರಾಮಫೋನ್ ತಟ್ಟೆಗಳು, ಆಕಾಶವಾಣಿಯ ಹಳೆಯ ಕಛೇರಿಗಳು ಏಕವಾಹಿನಿಯವು, ಅಂದರೆ ಮೋನೋ. ಅವನ್ನು ನುಡಿಸಿದಾಗ ಧ್ವನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಹರಡಿದರೆ ಅಥವಾ ಒಂದು ಬದಿಗೆ ವಾಲಿದರೆ, ಜೋಡಿ ಹೊಂದಿಲ್ಲ ಅಥವಾ ಕೋಣೆಯ ಎರಡು ಬದಿಗಳು ಸಮವಾಗಿಲ್ಲ ಎಂದು ತಿಳಿಯಬೇಕು. ಇಂಥ ಮುದ್ರಣಗಳಲ್ಲಿ ಅತಿ ತಾರದ ಆವೃತ್ತಿಗಳು ಇರುವುದೇ ಕಡಿಮೆ. ಅಲ್ಲಿರುವುದು ಸೂಜಿಯ ಅಥವಾ ಟೇಪಿನ ಸರಸರ. ತಾರಸ್ವರವನ್ನು ‘ಮಿನುಗಿಸಲು’ ಉಬ್ಬಿಸಿದ ಧ್ವನಿವರ್ಧಕ ಆ ಸದ್ದನ್ನೇ ಮುಂದೆ ತರುತ್ತದೆ.

ಕೋಣೆಯ ಲೆಕ್ಕ

ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರಿನ ಎರಡು ಗೋಡೆಗಳ ನಡುವಿನ ಅಂತರದ ಇಮ್ಮಡಿಯಿಂದ ಅದನ್ನು ಭಾಗಿಸಿದರೆ, ಆ ಕೋಣೆಯಲ್ಲಿ ಅಲೆಯು ನಿಂತುಬಿಡುವ ಮೊದಲ ಆವೃತ್ತಿ ಸಿಗುತ್ತದೆ. 14 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರದ ಕೋಣೆಗೆ ಇವು ಕ್ರಮವಾಗಿ ಸುಮಾರು 40, 47 ಮತ್ತು 70 ಹರ್ಟ್ಸ್. ಇವುಗಳ ಇಮ್ಮಡಿ, ಮುಮ್ಮಡಿಗಳಲ್ಲೂ ಅಲೆ ನಿಲ್ಲುತ್ತದೆ. ಆ ಸ್ವರಗಳು ಕೋಣೆಯ ಕೆಲವೆಡೆ ಉಬ್ಬಿ ಕೆಲವೆಡೆ ಮಾಯವಾಗುತ್ತವೆ.

ಇದು ನಮ್ಮ ಸಂಗೀತವನ್ನು ನೇರವಾಗಿ ತಟ್ಟುತ್ತದೆ. ಪುರುಷ ಗಾಯಕರು ಹಾರ್ಮೋನಿಯಂನ ಕಪ್ಪು ಒಂದಕ್ಕೆ ಶ್ರುತಿ ಹಿಡಿದರೆ ಆಧಾರ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಮಂದ್ರ ತಂತಿ ಅದರ ಅರ್ಧ, 69 ಹರ್ಟ್ಸ್. 8 ಅಡಿಯ ಚಾವಣಿ ಹಿಡಿದು ನಿಲ್ಲಿಸುವ ಆವೃತ್ತಿಯೂ ಬಹುತೇಕ ಅದೇ. ಈ ಅಲೆ ನೆಲ ಮತ್ತು ಚಾವಣಿಯ ಬಳಿ ಪ್ರಬಲ, ನಡುಎತ್ತರದಲ್ಲಿ ಕ್ಷೀಣ. ಕುರ್ಚಿಯಲ್ಲಿ ಕುಳಿತವರ ಕಿವಿ ಆ ನಡುಭಾಗಕ್ಕೆ ಹತ್ತಿರ. ಕಛೇರಿಯಲ್ಲಿ ಕುಳಿತಂತೆ ನೆಲದ ಮೇಲೆ ಕುಳಿತರೆ ಅದೇ ಸ್ವರ ಗಮನಾರ್ಹವಾಗಿ ಹೆಚ್ಚು ಕೇಳುತ್ತದೆ. ಜಮಖಾನದ ಮೇಲೆ ಕುಳಿತು ಕೇಳುವ ರೂಢಿಯಿದ್ದವರು ಪೆಟ್ಟಿಗೆಯನ್ನು ಪರೀಕ್ಷಿಸುವಾಗಲೂ ಹಾಗೆಯೇ ಕುಳಿತು ಕೇಳಬೇಕು. ತಾರಧ್ವನಿ ಹೊರಡಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಪೆಟ್ಟಿಗೆಯನ್ನು ತುಸು ವಾಲಿಸುವುದೋ ಗಿಡ್ಡ ಸ್ಟ್ಯಾಂಡ್ ಬಳಸುವುದೋ ಆಗಬೇಕು.

ಹಿಂದಿನ ಗೋಡೆಯ ಅಂತರವೂ ಮುಖ್ಯ. ಗೋಡೆಗೆ ಬಡಿದು ಮರಳಿದ ಅಲೆ ನೇರ ಅಲೆಯನ್ನು ಒಂದು ಆವೃತ್ತಿಯಲ್ಲಿ ಅಳಿಸುತ್ತದೆ. ಅಂತರ 1 ಮೀಟರ್ ಇದ್ದರೆ ಅದು ಸುಮಾರು 86 ಹರ್ಟ್ಸ್, ಮೃದಂಗದ ಎಡಮುಖವೂ ತಬಲಾದ ಡಗ್ಗಾವೂ ಮೊಳಗುವ ವಲಯ. ಪೆಟ್ಟಿಗೆಗಳನ್ನು ಮುಂದೆ ಹಿಂದೆ ಸರಿಸಿ ಕೇಳುವುದಕ್ಕೆ ಖರ್ಚಿಲ್ಲ. ಕೇಳುಗರ ಆಸನವನ್ನು ಕೋಣೆಯ ನಟ್ಟನಡುವಿನಲ್ಲಾಗಲಿ ಹಿಂಗೋಡೆಗೆ ಒತ್ತಿಯಾಗಲಿ ಇಡದಿರುವುದು ಕ್ಷೇಮ: ಮೊದಲನೆಯದರಲ್ಲಿ ಮಂದ್ರ ಸೊರಗುತ್ತದೆ, ಎರಡನೆಯದರಲ್ಲಿ ಉಬ್ಬುತ್ತದೆ.

ಇಲ್ಲಿನ ಮನೆಗಳ ಬಗೆಗಳು

ಪಾಲೊ ಆಲ್ಟೊ, ಸನ್ನಿವೇಲ್ ಮೊದಲಾದೆಡೆ ಜೋಸೆಫ್ ಐಕ್ಲರ್ ಕಟ್ಟಿಸಿದ ಮನೆಗಳಲ್ಲಿ ಒಂದು ಬದಿ ಪೂರ್ತಿ ಗಾಜಿನ ಗೋಡೆಯಿರುತ್ತದೆ, ನೆಲ ಕಾಂಕ್ರೀಟಿನದು. ಗಾಜು ತಾರಧ್ವನಿಯನ್ನು ಕನ್ನಡಿಯಂತೆ ಮರಳಿಸುತ್ತದೆ. ಒಂದು ಪೆಟ್ಟಿಗೆ ಗಾಜಿನ ಬದಿಗೂ ಇನ್ನೊಂದು ಮರದ ಬದಿಗೂ ಬಂದರೆ ಧ್ವನಿಚಿತ್ರ ವಾಲುತ್ತದೆ. ದಪ್ಪ ಪರದೆ, ದೊಡ್ಡ ಜಮಖಾನ, ಪುಸ್ತಕ ತುಂಬಿದ ಕಪಾಟು ಇವು ಇಲ್ಲಿ ದುಬಾರಿ ತಂತಿಗಳಿಗಿಂತ ಎಷ್ಟೋ ಪಾಲು ಉಪಯುಕ್ತ. ಈ ಮನೆಗಳ ನೆಲದೊಳಗೆ ಬಿಸಿನೀರಿನ ಕೊಳವೆಗಳು ಹಾದಿರುವುದರಿಂದ ಯಾವುದನ್ನಾದರೂ ಬಿಗಿಯಲು ನೆಲ ಕೊರೆಯುವುದು ಅಪಾಯ.

ಹಳೆಯ ಮನೆಗಳಲ್ಲಿ ಅನೇಕವು ಅಡಿಯಲ್ಲಿ ಟೊಳ್ಳಿರುವ ಮರದ ನೆಲದವು. ಅಲ್ಲಿ ಭಾರವಾದ ಪೆಟ್ಟಿಗೆಯ ಮಂದ್ರಕ್ಕೆ ನೆಲವೇ ತಮಟೆಯಂತೆ ಕಂಪಿಸಬಹುದು. ಚೂಪು ಮೊಳೆಯ ಕಾಲಿಗಿಂತ ಕಂಪನ ಹೀರುವ ಮೆತ್ತೆ ಲೇಸು. ಫ್ರೀಮಾಂಟ್, ಸ್ಯಾನ್ ಹೊಸೆಗಳ ಟೌನ್‌ಹೌಸ್‌ಗಳಲ್ಲಿ ನೆರೆಮನೆಯೊಡನೆ ಗೋಡೆ ಹಂಚಿಕೊಂಡಿರುತ್ತೇವೆ. ಮಂದ್ರಧ್ವನಿ ಗೋಡೆಯನ್ನು ದಾಟುವಷ್ಟು ತಾರಧ್ವನಿ ದಾಟದು. ಅಲ್ಲಿ ಎತ್ತರದ ದೊಡ್ಡ ಪೆಟ್ಟಿಗೆಗಿಂತ ಪುಟ್ಟ ಜೋಡಿಯೂ, ಮಟ್ಟವನ್ನು ಬೇರೆಯಾಗಿ ತಗ್ಗಿಸಬಹುದಾದ ಒಂದು ಸಬ್‌ವೂಫರೂ ವಿವೇಕದ ಆಯ್ಕೆ.

ಅಳತೆ ಮತ್ತು ಕಿವಿ

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ದಶಕಗಳ ಕಾಲ ನಡೆಸಿದ ಪ್ರಯೋಗಗಳಲ್ಲಿ, ಕೇಳುಗರು ಪರದೆಯ ಹಿಂದಿನ ಧ್ವನಿವರ್ಧಕಗಳಿಗೆ ಅಂಕ ನೀಡಿದರು. ಮುಂದಕ್ಕೆ ಸಮತಟ್ಟಾದ ಧ್ವನಿಯನ್ನೂ ಬದಿಗಳಿಗೆ ಅದನ್ನೇ ಹೋಲುವ, ಏರಿಳಿತವಿಲ್ಲದ ಧ್ವನಿಯನ್ನೂ ಸೂಸುವ ಪೆಟ್ಟಿಗೆಗಳನ್ನೇ ಬಹುಪಾಲು ಜನ ಮೆಚ್ಚಿದರು. ಬದಿಯ ಧ್ವನಿ ಏಕೆ ಮುಖ್ಯವೆಂದರೆ, ಗೋಡೆಗಳಿಂದ ಮರಳಿ ಕಿವಿಗೆ ಬರುವುದು ಅದೇ. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಸತ್ಯವನ್ನು ತೋರಿಸಿತು: ಪೆಟ್ಟಿಗೆ ಕಣ್ಣಿಗೆ ಕಂಡೊಡನೆ ಅದರ ಗಾತ್ರ, ರೂಪ, ಹೆಸರುಗಳಿಗೆ ಸೋತು ಅದೇ ಕೇಳುಗರ ಅಂಕಗಳು ಬದಲಾಗುತ್ತವೆ.

ಸಿಟಿಎ-2034 ಎಂಬ ಮಾನಕದಂತೆ ಪೆಟ್ಟಿಗೆಯ ಸುತ್ತ 70 ಕೋನಗಳಲ್ಲಿ ಅಳೆದ ನಕ್ಷೆಗಳು ಈಗ ಹಲವು ಮಾದರಿಗಳಿಗೆ ದೊರೆಯುತ್ತವೆ. ಅದನ್ನು ನೋಡಿ ಪಟ್ಟಿಯನ್ನು ಮೂರು ನಾಲ್ಕಕ್ಕೆ ಇಳಿಸಿ, ಬಳಿಕ ಕಿವಿಗೆ ಕೆಲಸ ಕೊಡುವುದು ಸರಿಯಾದ ಕ್ರಮ. ಹೋಲಿಸುವಾಗ ಎರಡರ ಗಟ್ಟಿತನವೂ ಸಮವಾಗಿರಬೇಕು. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿಗೆ ತೋರುತ್ತದೆ.

ಕ್ಷಮತೆಯನ್ನೂ ಗಮನಿಸಬೇಕು. ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ 3 ಡೆಸಿಬೆಲ್ ಕಡಿಮೆ ಕ್ಷಮತೆಯದಾದರೆ ಅಷ್ಟೇ ಧ್ವನಿಗೆ ಆಂಪ್ಲಿಫೈಯರ್ ಇಮ್ಮಡಿ ಶಕ್ತಿ ಒದಗಿಸಬೇಕು. 10 ಡೆಸಿಬೆಲ್ ಕಡಿಮೆಯಾದರೆ ಹತ್ತು ಪಾಲು. ಆದರೆ ನಮ್ಮ ಸಂಗೀತಕ್ಕೆ ಅತಿ ಜೋರು ಬೇಕಿಲ್ಲ. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿದ್ದು ಧ್ವನಿವರ್ಧಕವಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು. ಮನೆಯ ಕೋಣೆಯಲ್ಲಿ ಆ ಕಷ್ಟವಿಲ್ಲ. ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಎದುರಿಗೆ ಕುಳಿತು ಕೇಳಿದಷ್ಟೇ ಮಟ್ಟದಲ್ಲಿ ಕೇಳಿದಾಗ ಅದು ವೀಣೆಯಾಗಿ ಉಳಿಯುತ್ತದೆ. ಕಿವಿಯ ಆರೋಗ್ಯಕ್ಕೂ ಇದು ಹಿತ. 85 ಡೆಸಿಬೆಲ್ ಮಟ್ಟಕ್ಕೆ ದಿನಕ್ಕೆ 8 ಗಂಟೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಮಿತಿ. ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ.

ಭೂಕಂಪ ಮತ್ತು ಊರಿಗೆ ಮರಳುವಿಕೆ

1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪದ ತೀವ್ರತೆ 6.9. ಎತ್ತರವೂ ಕಿರಿದೂ ಆದ ಭಾರದ ಪೆಟ್ಟಿಗೆ ಇಂಥ ನಾಡಿನಲ್ಲಿ ಅಲಂಕಾರವಷ್ಟೇ ಅಲ್ಲ, ಉರುಳಬಲ್ಲ ವಸ್ತುವೂ ಹೌದು. ಮಕ್ಕಳೂ ಊರಿಂದ ಬಂದ ಹಿರಿಯರೂ ಓಡಾಡುವ ಕೋಣೆಯಲ್ಲಿ ಅಗಲ ಪಾದದ ಮಾದರಿಯನ್ನು ಆರಿಸಬೇಕು. ಪೆಟ್ಟಿಗೆಯನ್ನು ಗೋಡೆಯೊಳಗಿನ ಮರದ ಕಂಬಕ್ಕೆ ಪಟ್ಟಿಯಿಂದ ಕಟ್ಟಬೇಕು. ಸ್ಟ್ಯಾಂಡಿನ ಮೇಲಿನ ಪುಟ್ಟ ಪೆಟ್ಟಿಗೆಯನ್ನೂ ಸ್ಟ್ಯಾಂಡಿಗೆ ಬಿಗಿಯಬೇಕು.

ಎಂದಾದರೂ ಬೆಂಗಳೂರಿಗೋ ಧಾರವಾಡಕ್ಕೋ ಮರಳುವ ಯೋಚನೆಯುಳ್ಳವರು ಇನ್ನೊಂದನ್ನು ನೆನೆಯಬೇಕು. ಒಳಗೆ ಆಂಪ್ಲಿಫೈಯರ್ ಇಲ್ಲದ ಸಾಮಾನ್ಯ ಧ್ವನಿವರ್ಧಕಕ್ಕೆ ಮನೆಯ ವಿದ್ಯುತ್ತಿನ ಗೊಡವೆಯಿಲ್ಲ. ಅದು ಎಲ್ಲಿಯೂ ನುಡಿಯುತ್ತದೆ. ಆಂಪ್ಲಿಫೈಯರ್ ಒಳಗೊಂಡ ಪೆಟ್ಟಿಗೆಗಳೂ ಹೆಚ್ಚಿನ ಸಬ್‌ವೂಫರ್‌ಗಳೂ ಇಲ್ಲಿನ 120 ವೋಲ್ಟ್, 60 ಹರ್ಟ್ಸ್‌ಗೆ ತಯಾರಾದವು. ಭಾರತದ 230 ವೋಲ್ಟ್, 50 ಹರ್ಟ್ಸ್‌ಗೆ ಅವು ಹೊಂದುತ್ತವೆಯೇ ಎಂಬುದನ್ನು ಹಿಂಬದಿಯ ಫಲಕದಲ್ಲಿ ಓದಿಯೇ ಕೊಳ್ಳಬೇಕು. ಬಳಸಿದ ಪೆಟ್ಟಿಗೆ ಕೊಳ್ಳುವವರು ವೂಫರಿನ ಅಂಚಿನ ಸುತ್ತುಪಟ್ಟಿಯನ್ನು ನೋಡಬೇಕು. ಅದು ಫೋಮಿನದಾದರೆ ಒಂದೆರಡು ದಶಕಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ಹೆಚ್ಚು ಬಾಳುತ್ತದೆ.

ಆಯ್ಕೆಯ ಕ್ರಮ

ಒಟ್ಟಿನಲ್ಲಿ, ಮೊದಲು ಕೋಣೆಯನ್ನು ಅಳೆದು ಆಸನದ ಜಾಗ ಗೊತ್ತುಮಾಡಬೇಕು. ಮೀಸಲಿಟ್ಟ ಹಣದಲ್ಲಿ ಐದರಲ್ಲೊಂದು ಪಾಲನ್ನಾದರೂ ಜಮಖಾನ, ಪರದೆ, ಕಪಾಟುಗಳಿಗೆ ಉಳಿಸಬೇಕು. ಅಳತೆಯ ನಕ್ಷೆ ನೋಡಿ ಪಟ್ಟಿ ಕಿರಿದುಗೊಳಿಸಿ, ಮನೆಗೆ ತಂದು ಕೇಳಲು ಮತ್ತು ಹಿಂದಿರುಗಿಸಲು ಒಪ್ಪುವವರಲ್ಲಿಯೇ ಕೊಳ್ಳಬೇಕು. ಮನೆಗೆ ಬಂದ ಮೇಲೆ ಮೂರನ್ನು ಕೇಳಿದರೆ ಸಾಕು: ಬರಿಯ ತಂಬೂರಿ ಹತ್ತು ನಿಮಿಷ, ಬಹುಕಾಲದಿಂದ ಬಲ್ಲ ಒಂದು ಕಂಠ, ಒಂದು ತನಿ ಆವರ್ತನ. ತಂಬೂರಿ ಕೇಳುತ್ತ ಕಿವಿ ದಣಿಯದಿದ್ದರೆ, ಕಂಠ ಗುರುತಿನದೇ ಎನಿಸಿದರೆ, ಮೃದಂಗದ ಎಡ ಬಲ ಮುಖಗಳ ಹೊಡೆತಗಳೆಲ್ಲ ಬಿಡಿಬಿಡಿಯಾಗಿ ಕೇಳಿದರೆ, ಅದಕ್ಕಿಂತ ಹೆಚ್ಚು ಬೆಲೆಯ ಪೆಟ್ಟಿಗೆ ಆ ಕೋಣೆಗೆ ಬೇಕಿಲ್ಲ.