ನೀವುವ ಕೈ

ಇಂದಿರಾನಗರದ ವ್ಯಾಯಾಮಶಾಲೆಗಳಲ್ಲಿ ಈಗ ಒಂದು ವಸ್ತು ಕಾಣಸಿಗುತ್ತದೆ. ಒನಕೆಗಿಂತ ದಪ್ಪ, ದಿಂಬಿಗಿಂತ ಗಟ್ಟಿ, ಫೋಮಿನ ಉರುಳೆ. ಭಾರವೆತ್ತಿ ದಣಿದ ತರುಣರು ಅದನ್ನು ನೆಲದ ಮೇಲಿಟ್ಟು, ತೊಡೆಯನ್ನೋ ಬೆನ್ನನ್ನೋ ಅದಕ್ಕೊತ್ತಿ ಹೊರಳುತ್ತಾರೆ. ಉಪಕರಣ ಹೊಸದು, ನಿಜ. ಉಪಾಯ ಮಾತ್ರ ಹಳೆಯದು.

ವ್ಯಾಯಾಮ ಮುಗಿದ ಮೇಲೆ ಮೈಯನ್ನು ಎಲ್ಲ ಕಡೆಯೂ ಹಿತವಾಗುವಂತೆ ಮರ್ದಿಸಬೇಕೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ 24ನೆಯ ಅಧ್ಯಾಯದಲ್ಲಿ ಹೇಳುತ್ತದೆ. 'ಹಿತವಾಗುವಂತೆ' ಎಂಬ ಮಾತನ್ನು ಗಮನಿಸಬೇಕು. ಹಲ್ಲು ಕಚ್ಚಿ ಉರುಳೆಯ ಮೇಲೆ ನರಳುವವರಿಗೆ ಅದು ಹಿಡಿಸಲಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅಭ್ಯಂಗದ ವಿಷಯವೂ ಮಲ್ಲರ ಸಾಧನೆಯ ವಿಷಯವೂ ಬೇರೆ ಬೇರೆಯಾಗಿ ಬಂದಿವೆ.

ಗ್ರಂಥದ ಈ ವಿದ್ಯೆ ಬದುಕಿ ಉಳಿದದ್ದು ಗರಡಿಮನೆಯಲ್ಲಿ. ಮಟ್ಟಿಯಲ್ಲಿ ಸಾಮು ಮಾಡಿ ಎದ್ದವನ ಮೈಯನ್ನು ಜೊತೆಗಾರ ನೀವುತ್ತಾನೆ. ಮತ್ತೊಮ್ಮೆ ಇವನು ಅವನದನ್ನು. ಅಲ್ಲಿ ಅದು ಆಳಿನ ಕೆಲಸವಲ್ಲ, ಸಾಧನೆಯ ಒಂದು ಭಾಗ. ಕನ್ನಡಕ್ಕೂ ಈ ಕೈಗಳ ಪರಿಚಯ ಚೆನ್ನಾಗಿದೆ: ನೀವು, ಒತ್ತು, ಹಿಸುಕು, ತಿಕ್ಕು, ಉಜ್ಜು, ತಟ್ಟು. ಒಂದು ಇನ್ನೊಂದಲ್ಲ. ಉಳುಕಿದ ಕಾಲನ್ನು ನೀವುತ್ತಾರೆಯೇ ಹೊರತು ತಟ್ಟುವುದಿಲ್ಲ.

ಮೈಸೂರಿನ ವಜ್ರಮುಷ್ಟಿ ಕಾಳಗದ ಜೆಟ್ಟಿಗಳನ್ನು ದಸರಾ ನೋಡಿದವರೆಲ್ಲ ಬಲ್ಲರು. ತೆಲುಗು ಜಿಲ್ಲೆಗಳ ಜೆಟ್ಟಿಗಳು ಮೈ ತಿಕ್ಕಿ, ಮುಲಾಮು ಹಚ್ಚಿ ನರನೋವುಗಳನ್ನು ಗುಣಪಡಿಸುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಬರೆದ. ತಿಕ್ಕುವುದಕ್ಕೆ ಅವನು ಬಳಸಿದ ಇಂಗ್ಲಿಷ್ ಪದ 'ಶಾಂಪೂ'!

ಆ ಪದ ಹಿಂದಿಯದು. ಒತ್ತು, ಹಿಸುಕು ಎಂಬ ಅರ್ಥದ್ದು. 1809ರಲ್ಲಿ ಹಲಸೂರಿನ ಬಳಿ ದಂಡು ಬಂದು ನೆಲೆಸುವ ವೇಳೆಗೆ ಅದು ಇಂಗ್ಲಿಷಿಗೆ ಸೇರಿಹೋಗಿತ್ತು. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನದ ಮನೆ ತೆರೆದು, ಈ ಮರ್ದನದಿಂದಲೇ ಹೆಸರಾಗಿ, ನಾಲ್ಕನೆಯ ಜಾರ್ಜ್ ದೊರೆಯ ಸೇವೆಗೂ ನೇಮಕಗೊಂಡ. 1822ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದ. ಆಮೇಲೆ ಪದ ಮೈಯಿಂದ ತಲೆಗೇರಿತು. ಇಂದು ಶಿವಾಜಿನಗರದ ಅಂಗಡಿಯಲ್ಲಿ ಶಾಂಪೂ ಕೇಳಿದರೆ ಕೂದಲು ತೊಳೆಯುವ ದ್ರವವನ್ನು ಕೊಡುತ್ತಾರೆ. ಕೈಯ ನೆನಪು ಅದರಲ್ಲಿ ಉಳಿದಿಲ್ಲ.

ಮರುದಿನದ ಮೈನೋವಿಗೆ ಸ್ನಾಯುವಿನಲ್ಲಾಗುವ ಹರಿತವೇ ಕಾರಣವಿರಬೇಕೆಂದು ಅಮೆರಿಕದ ಥಿಯೋಡೋರ್ ಹಫ್ 1902ರಲ್ಲಿ ಸೂಚಿಸಿದ. ಬಹುಕಾಲ ಲ್ಯಾಕ್ಟಿಕ್ ಆಮ್ಲವನ್ನು ದೂರಿದ್ದುಂಟು. ಅದಾದರೋ ನೋವು ಏಳುವುದಕ್ಕೆ ಬಹಳ ಮೊದಲೇ ರಕ್ತದಿಂದ ತೊಲಗಿರುತ್ತದೆ. ಅಭ್ಯಾಸವಿಲ್ಲದ ಶ್ರಮದಿಂದಾದ ಸೂಕ್ಷ್ಮ ಪೆಟ್ಟು, ಅದರ ಹಿಂದೆ ಬರುವ ಉರಿಯೂತ ಕಾರಣವೆಂದು ಈಗಿನ ತಿಳಿವಳಿಕೆ. ನೋವು ಒಂದರಿಂದ ಮೂರು ದಿನಗಳಲ್ಲಿ ತುದಿಮುಟ್ಟಿ ತಾನಾಗಿ ಇಳಿಯುತ್ತದೆ. ಮರ್ದನ ಅದನ್ನು ಒಂದಿಷ್ಟು ಸಹ್ಯಗೊಳಿಸುತ್ತದೆ, ಉರುಳೆಯೂ ಅಲ್ಪಸ್ವಲ್ಪ. ಸ್ನಾಯುವನ್ನು ಅವು ಪವಾಡದಂತೆ ದುರಸ್ತಿ ಮಾಡುವುದಿಲ್ಲ.

ಉರುಳೆಯ ಬಗ್ಗೆ ನನಗೆ ತಕರಾರಿಲ್ಲ. ಒಂಟಿಯಾಗಿರುವವನಿಗೆ ಅದೂ ಒಂದು ಆಸರೆ. ಆದರೆ ಗರಡಿಗಳು ಮುಚ್ಚಿದಂತೆಲ್ಲ ಉಸ್ತಾದರ ಮಾತುಗಳೂ ಹೋಗುತ್ತಿವೆ. ಕುಸ್ತಿಯ ಪಟ್ಟುಗಳ ಹೆಸರನ್ನು ಸಂಗ್ರಹಿಸುವವರು ನೀವುವ ಕ್ರಮದ ಹೆಸರುಗಳನ್ನೂ ಕೇಳಿ ಬರೆದುಕೊಳ್ಳಬೇಕು: ಯಾವ ಎಣ್ಣೆ, ಎಲ್ಲಿಂದ ಆರಂಭ, ಎಲ್ಲಿ ಹೆಬ್ಬೆರಳು, ಎಲ್ಲಿ ಅಂಗೈ.